ಬನ್ನೇರುಘಟ್ಟದ ಕಾಡಂಚಿನಲ್ಲಿ ಬೇಸಾಯ

(ಆನೇಕಲ್ ತಾಲ್ಲೂಕಿನ ಕಾಡಂಚಿನ ಗ್ರಾಮವೊಂದರಲ್ಲಿ, ಮುಂಗಾರು ಬಿತ್ತನೆಗೆ ಮುನ್ನ ನಡೆದ ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಈ ದಿನ ನನಗೆ ಗೊತ್ತುಮಾಡಿದ್ದ ವಿಷಯ ಖುಷ್ಕಿ ರಾಗಿಯ ಸುಧಾರಿತ ಬೇಸಾಯ ಕ್ರಮಗಳು. ಬೀಜೋಪಚಾರ, ಗೊಬ್ಬರದ ಪ್ರಮಾಣ, ಸಾಲಿನ ಅಂತರ ಇವೆಲ್ಲ ತಮಗೆ ಹೊಸದಲ್ಲ. ಹಂಚಿರುವ ಕೈಪಿಡಿಯಲ್ಲೂ ಇವೆ. ಆದರೆ ಬೆಳಗಿನಿಂದ ತಮ್ಮ ಮಾತುಗಳನ್ನು ಕೇಳಿದ ಮೇಲೆ ವಿಷಯವನ್ನು ಸ್ವಲ್ಪ ಬದಲಾಯಿಸಿಕೊಳ್ಳಲು ಅಧ್ಯಕ್ಷರ ಅಪ್ಪಣೆ ಕೇಳಿದ್ದೇನೆ. ಎದುರಿಗೆ ಕುಳಿತಿರುವ ಯಜಮಾನರೊಬ್ಬರು ಚಹಾದ ಹೊತ್ತಿನಲ್ಲಿ, "ಸ್ವಾಮಿ, ಇಳುವರಿ ಹೆಚ್ಚು ಮಾಡಿಕೊಡ್ತೀರಿ ಸರಿ, ಆ ಹೆಚ್ಚಿನದು ನಮಗೋ ಸಲಗಕ್ಕೋ?" ಎಂದು ಕೇಳಿದರು. ಈ ಊರಿನಲ್ಲಿ ಎಕರೆಗೆ ಎಷ್ಟು ಕ್ವಿಂಟಲ್ ಎಂಬುದು ಬಹುಪಾಲು ಅಕ್ಟೋಬರ್, ನವೆಂಬರ್ ತಿಂಗಳ ರಾತ್ರಿಗಳಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಆ ರಾತ್ರಿಗಳ ವಿಷಯವನ್ನೇ ಬೇಸಾಯಶಾಸ್ತ್ರದ ದೃಷ್ಟಿಯಿಂದ ಮಾತನಾಡುವುದು ಒಳ್ಳೆಯದೆಂದು ಕಂಡಿತು.

ಮೊದಲು ನಮ್ಮ ಪಕ್ಕದಲ್ಲಿರುವ ಈ ಕಾಡು ಎಂಥದು ಎಂಬುದನ್ನು ನೋಡೋಣ. ಬೆಂಗಳೂರಿನವರಿಗೆ ಬನ್ನೇರುಘಟ್ಟ ಎಂದರೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಬಂದು ಬಸ್ಸಿನೊಳಗಿಂದ ಹುಲಿ, ಸಿಂಹ ನೋಡಿ ಹೋಗುವ ಜಾಗ. ಅದು ಜೈವಿಕ ಉದ್ಯಾನ. 2002ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನದಿಂದ ಬೇರ್ಪಡಿಸಲಾಯಿತು. ತಮಗೂ ನನಗೂ ಸಂಬಂಧಿಸಿದ್ದು ಅದರ ಹಿಂದಿರುವ ನಿಜವಾದ ಕಾಡು. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದಾಗ ಇದರ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರ್ ಇತ್ತು. ಮುಂದೆ ದಕ್ಷಿಣದ ಅರಣ್ಯಗಳನ್ನು ಸೇರಿಸಿಕೊಂಡು ಈಗ ಸುಮಾರು 260 ಚದರ ಕಿಲೋಮೀಟರ್ ಆಗಿದೆ. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ವಲಯಗಳು ಇದಕ್ಕೆ ಸೇರಿವೆ. ಮಳೆ ಕಡಿಮೆಯಾದ ಕುರುಚಲು ಕಾಡು. ಜಾಲಾರಿ, ದಿಂಡಿಗ, ಬಾಗೆ, ಹಳ್ಳದ ಬದಿಗೆ ಬಿದಿರು. ನಡುವೆ ಸುವರ್ಣಮುಖಿ ಹಳ್ಳ ಹರಿಯುತ್ತದೆ. ದಕ್ಷಿಣಕ್ಕೆ ಇದು ಕಾವೇರಿ ವನ್ಯಧಾಮಕ್ಕೂ, ಆಗ್ನೇಯಕ್ಕೆ ತಮಿಳುನಾಡಿನ ತಳಿ, ಹೊಸೂರು ಕಡೆಯ ಕಾಡಿಗೂ ಕೂಡಿಕೊಂಡಿದೆ. ಅಂದರೆ ಕಾವೇರಿ ಕಣಿವೆಯಿಂದ ಹೊರಟ ಆನೆ ಕಾಡಿನ ನೆರಳಿನಲ್ಲಿಯೇ ನಡೆದು ಬೆಂಗಳೂರಿನ ಬಾಗಿಲಿಗೆ ಬರಬಹುದು. ಆನೆಗೆ ಇದು ಉದ್ಯಾನವಲ್ಲ, ದಾರಿ. ಕರಡಿಕ್ಕಲ್–ಮಾದೇಶ್ವರದ ನಡುವೆ ಈ ದಾರಿ ಬಹಳ ಕಿರಿದಾಗಿರುವುದರಿಂದ ಅದನ್ನು ಆನೆ ಪಥವೆಂದೇ ಗುರುತಿಸಿದ್ದಾರೆ.

ಇದರ ಆಕಾರದ ಬಗ್ಗೆ ಒಂದು ಮಾತು. ಇಬ್ಬರು ಅಣ್ಣತಮ್ಮಂದಿರಿಗೆ ತಲಾ ನಾಲ್ಕು ಎಕರೆ ಬಂದಿದೆಯೆಂದು ಇಟ್ಟುಕೊಳ್ಳಿ. ಒಬ್ಬನದು ಚೌಕದ ಹೊಲ, ಇನ್ನೊಬ್ಬನದು ಹಳ್ಳದುದ್ದಕ್ಕೂ ಪಟ್ಟಿಯಂತೆ ಹರಿದುಕೊಂಡು ಹೋದ ಹೊಲ. ಬೇಲಿಗೆ ಯಾರಿಗೆ ಹೆಚ್ಚು ಖರ್ಚು ಎಂಬುದನ್ನು ನಾನು ಹೇಳಬೇಕಾಗಿಲ್ಲ. 260 ಚದರ ಕಿಲೋಮೀಟರ್ ಕಾಡು ದುಂಡಗೆ ಇದ್ದಿದ್ದರೆ ಅದರ ಸುತ್ತಳತೆ 57 ಕಿಲೋಮೀಟರ್ ಮಾತ್ರ ಆಗುತ್ತಿತ್ತು. ಬನ್ನೇರುಘಟ್ಟದ ಕಾಡು ಉತ್ತರ ದಕ್ಷಿಣವಾಗಿ ಉದ್ದಕ್ಕೆ, ಅಲ್ಲಲ್ಲಿ ಸೊಂಟ ಹಿಡಿದಂತೆ ಕಿರಿದಾಗಿ, ಊರುಗಳನ್ನು ಮಡಿಲಲ್ಲಿಟ್ಟುಕೊಂಡು ಬೆಳೆದಿದೆ. ಆದ್ದರಿಂದ ಅಂಚು ಬಹಳ, ಒಡಲು ಕಡಿಮೆ. ಅಂಚು ಹೆಚ್ಚಾದಷ್ಟೂ ಕಾಡಂಚಿನ ಹೊಲಗಳೂ ಹೆಚ್ಚು.

ಇನ್ನು ಆ ಕಡೆ ನಗರ. 1971ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಹದಿನಾರೂವರೆ ಲಕ್ಷ. 2011ರಲ್ಲಿ ಸುಮಾರು 85 ಲಕ್ಷ. ಉದ್ಯಾನ ಘೋಷಣೆಯಾದಾಗ ನಗರ ಇಪ್ಪತ್ತು ಕಿಲೋಮೀಟರ್ ಆಚೆ ಇತ್ತು. ಇಂದು ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಬಡಾವಣೆ, ಜಿಗಣಿಯಲ್ಲಿ ಕಾರ್ಖಾನೆ, ಕಲ್ಲು ಕೊಯ್ಯುವ ಘಟಕಗಳು. ಕಾಡಿಗೂ ಈ ನಗರಕ್ಕೂ ನಡುವೆ ಉಳಿದಿರುವುದು ತಮ್ಮ ಹೊಲಗಳು ಮಾತ್ರ. ಈ ಮಾತನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಹೊಲದಲ್ಲಿ ಬೆಳೆಯಿದ್ದು, ಅಲ್ಲಿ ಜನ ಓಡಾಡುತ್ತಿದ್ದು, ರಾತ್ರಿ ಬೆಳಕಿದ್ದರೆ ಆನೆ ಬಂದರೂ ಬೆಳಗಾಗುವುದರೊಳಗೆ ಕಾಡಿಗೆ ಹಿಂತಿರುಗುತ್ತದೆ. ಅದೇ ಹೊಲ ಬೀಳುಬಿದ್ದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆನೆ ರಾಗಿಗೆ ಏಕೆ ಬರುತ್ತದೆ? ಕಾಡಿನಲ್ಲಿ ಮೇವಿಲ್ಲ, ಅದಕ್ಕೆ ಬರುತ್ತದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಇದು ಅರ್ಧ ಸತ್ಯ. ಮಳೆ ಮುಗಿದು ಕಾಡು ಹಸಿರಾಗಿರುವ ಅಕ್ಟೋಬರಿನಲ್ಲಿಯೇ ಹಾವಳಿ ಹೆಚ್ಚು ಎಂಬುದನ್ನು ತಾವೇ ನೋಡಿದ್ದೀರಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಮನ್ ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ ಪ್ರದೇಶದಲ್ಲಿ ಈ ವಿಷಯವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಕಾಡಿನ ಹುಲ್ಲು ಬಲಿತು ಒರಟಾಗುವ ಹೊತ್ತಿಗೆ ರಾಗಿ ತೆನೆಗೆ ಬಂದಿರುತ್ತದೆ. ಆ ಹುಲ್ಲಿಗಿಂತ ರಾಗಿಯಲ್ಲಿ ಸಸಾರಜನಕ, ಸುಣ್ಣದಂಶ, ಸೋಡಿಯಂ ಹೆಚ್ಚು ಎಂದು ಅವರು ತೋರಿಸಿಕೊಟ್ಟರು. ನಾವು ಬಾಣಂತಿಗೆ, ಮಗುವಿಗೆ ರಾಗಿ ಕೊಡುವುದೂ ಇಂಥ ಗುಣಗಳಿಗಾಗಿಯೇ ಅಲ್ಲವೇ? ಇನ್ನೊಂದು ಮುಖ್ಯ ಸಂಗತಿಯೆಂದರೆ ಗುಂಪಿನಲ್ಲಿರುವ ಹೆಣ್ಣಾನೆಗಳಿಗಿಂತ ಬೆಳೆದ ಸಲಗಗಳು ಹಲವು ಪಟ್ಟು ಹೆಚ್ಚು ಬಾರಿ ಹೊಲಕ್ಕೆ ನುಗ್ಗುತ್ತವೆ. ಅಂದರೆ ಹಾವಳಿಯ ಬಹುಭಾಗ ಕೆಲವೇ ಪ್ರಾಣಿಗಳದು. ಅವಕ್ಕೆ ತಮ್ಮ ಹೊಲ, ತಮ್ಮ ಬೇಲಿ, ತಮ್ಮ ತಮಟೆಯ ಸದ್ದು ಎಲ್ಲವೂ ಪರಿಚಿತ. ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕಾದ ಪ್ರಾಣಿಗೆ ಒಂದೇ ಕಡೆ ಒತ್ತಾಗಿ, ಮೆತ್ತಗೆ, ರುಚಿಯಾಗಿ ಸಿಗುವ ರಾಗಿಯನ್ನು ಬಿಟ್ಟು ಕಾಡೆಲ್ಲ ಅಲೆದು ಮೇಯಿರಿ ಎಂದರೆ ಕೇಳುವುದಿಲ್ಲ.

ಸಸಿಯಾಗಿರುವಾಗ ರಾಗಿಯ ಮೇಲೆ ಆನೆಗೆ ಅಷ್ಟು ಆಸೆಯಿಲ್ಲ. ತೆನೆಯಲ್ಲಿ ಹಾಲು ತುಂಬುವಾಗಿನಿಂದ ಕೊಯ್ಲಿನವರೆಗೆ ಅಪಾಯದ ಕಾಲ. ಬೇಸಾಯಶಾಸ್ತ್ರಕ್ಕೆ ಕೆಲಸವಿರುವುದು ಇಲ್ಲಿಯೇ: ಈ ಅಪಾಯದ ಕಾಲವನ್ನು ಎಷ್ಟು ಚಿಕ್ಕದು ಮಾಡಬಹುದು?

ಈಗ ನಡೆಯುತ್ತಿರುವುದನ್ನು ಲೆಕ್ಕ ಹಾಕೋಣ. ಜೂನ್ ಮಧ್ಯದಲ್ಲಿ ಒಂದು ಹದ ಮಳೆ ಬಿದ್ದರೆ ಊರಿನ ಕೆಲವರು ಎಂ.ಆರ್.-6ರಂಥ ದೀರ್ಘಾವಧಿ ತಳಿಯನ್ನು ಬಿತ್ತುತ್ತಾರೆ. ಅದು 120 ದಿನಕ್ಕೂ ಮೀರಿದ ಬೆಳೆ. ಮತ್ತೆ ಕೆಲವರು ಜುಲೈನಲ್ಲಿ ಜಿ.ಪಿ.ಯು.-28 ಬಿತ್ತುತ್ತಾರೆ, ಅದಕ್ಕೆ 110ರಿಂದ 115 ದಿನ. ಕೂಲಿಯವರು ಸಿಕ್ಕದವರು, ಕಾರ್ಖಾನೆ ಕೆಲಸಕ್ಕೆ ಹೋಗುವ ಮಕ್ಕಳ ರಜೆಗೆ ಕಾಯುವವರು ಆಗಸ್ಟ್ ಮಧ್ಯದವರೆಗೂ ಬಿತ್ತುತ್ತಲೇ ಇರುತ್ತಾರೆ. ಇದರ ಪರಿಣಾಮವಾಗಿ ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಹೊಲದಲ್ಲಿ ಹಾಲು ತುಂಬಿದರೆ ಡಿಸೆಂಬರ್ ಮೊದಲ ವಾರದಲ್ಲಿ ಇನ್ನೊಂದು ಹೊಲದಲ್ಲಿ ತೆನೆ ನಿಂತಿರುತ್ತದೆ. ಸುಮಾರು 80 ದಿನ ಸಲಗಕ್ಕೆ ಊರಿನಲ್ಲಿ ಎಲ್ಲಾದರೂ ಒಂದು ಕಡೆ ಊಟ ಸಿದ್ಧ. ಇಂದು ಇವರ ಹೊಲ, ಮುಂದಿನ ವಾರ ಅವರ ಹೊಲ. ಕಾವಲು ಕಾಯುವವರೂ ಒಬ್ಬೊಬ್ಬರೇ.

ಇಡೀ ಊರು ಜುಲೈ ತಿಂಗಳ ಎರಡನೆಯ ಪಕ್ಷದೊಳಗೆ, 110–115 ದಿನದ ಒಂದೇ ತಳಿಯನ್ನು ಬಿತ್ತಿದರೆ ಅಕ್ಟೋಬರ್ ಮೊದಲ ವಾರದಲ್ಲಿ ಹಾಲು ತುಂಬಲು ಆರಂಭವಾಗಿ ನವೆಂಬರ್ 20ರ ವೇಳೆಗೆ ಕೊಯ್ಲು ಮುಗಿಯುತ್ತದೆ. ಅಪಾಯದ ಕಾಲ 45 ದಿನಕ್ಕೆ ಇಳಿಯುತ್ತದೆ. ಎಲ್ಲರ ಹೊಲದಲ್ಲೂ ಏಕಕಾಲಕ್ಕೆ ತೆನೆ ಇರುವುದರಿಂದ ನಷ್ಟ ಹಂಚಿಹೋಗುತ್ತದೆ. ಎಲ್ಲರೂ ಒಟ್ಟಿಗೆ ಕಾವಲಿಗೆ ನಿಲ್ಲುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಲಾಭ.

ಇದಕ್ಕೆ ತಾವು ಹೇಳುವ ಆಕ್ಷೇಪಣೆಗಳು ನನಗೆ ಗೊತ್ತು. ಮಳೆ ನಮ್ಮ ಕೈಯಲ್ಲಿಲ್ಲ ಎನ್ನುತ್ತೀರಿ. ನಿಜ. ಜುಲೈನಲ್ಲಿ ಮಳೆ ಕೈಕೊಟ್ಟು ಆಗಸ್ಟ್‌ಗೆ ಹೋಗಬೇಕಾಗಿ ಬಂದರೆ ಇಡೀ ಊರೇ ಜಿ.ಪಿ.ಯು.-48ರಂಥ ಸುಮಾರು ನೂರು ದಿನದ ತಳಿಗೆ ಹೋಗಲಿ. ಕೊಯ್ಲು ನವೆಂಬರ್ ಕೊನೆಗೆ ಮುಗಿಯುತ್ತದೆ. ತಡವಾಗಿ ಬಿತ್ತಿದವನು ದೀರ್ಘಾವಧಿ ತಳಿಯನ್ನು ಬಿತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಜೂನ್‌ನಲ್ಲಿ ಬಿದ್ದ ಮಳೆಯನ್ನು ಬಿಡುವುದಕ್ಕೆ ಮನಸ್ಸು ಬಾರದು ಎಂಬುದೂ ನಿಜ. ಆ ಮಳೆಯಲ್ಲಿ ಹೊಲವನ್ನು ಚೆನ್ನಾಗಿ ಉತ್ತು ಕಳೆ ಕೊಲ್ಲಿ, ಕೊಟ್ಟಿಗೆ ಗೊಬ್ಬರ ಹರಡಿ. ಒಂದೇ ಸಲಕ್ಕೆ ಕೊಯ್ಲಿಗೆ ಬಂದರೆ ಆಳು ಸಿಕ್ಕುವುದಿಲ್ಲ ಎಂಬ ಮೂರನೆಯ ಆಕ್ಷೇಪಣೆ ಗಟ್ಟಿಯಾದದ್ದು. ಈಗ ರಾಗಿ ಕೊಯ್ಯುವ ಯಂತ್ರಗಳು ಬಂದಿವೆ. ಚದುರಿದ ಅರ್ಧ ಅರ್ಧ ಎಕರೆಗೆ ಯಂತ್ರದವರು ಬರುವುದಿಲ್ಲ. ಐವತ್ತು ಎಕರೆ ಒಟ್ಟಿಗೆ ಸಿದ್ಧವಿದ್ದರೆ ಅವರೇ ಹುಡುಕಿಕೊಂಡು ಬರುತ್ತಾರೆ. ಯಂತ್ರದ ಕೊಯ್ಲಿನಲ್ಲಿ ಹುಲ್ಲು ಕೆಡುತ್ತದೆ ಎಂದು ಹೈನುಗಾರಿಕೆಯವರು ದೂರುವುದುಂಟು. ಅವರ ದೂರಿನಲ್ಲಿ ಹುರುಳಿದೆ. ಹುಲ್ಲು ಬೇಕಾದವರು ಊರಿಗೆ ಹತ್ತಿರದ ತುಂಡುಗಳನ್ನು ಕುಡುಗೋಲಿನಲ್ಲಿ ಕೊಯ್ದು, ಕಾಡಿಗೆ ಹತ್ತಿದ ತುಂಡುಗಳನ್ನು ಯಂತ್ರಕ್ಕೆ ಬಿಡುವುದು ಮೇಲು.

ಕುಡುಗೋಲಿನಲ್ಲಿ ಕೊಯ್ದ ರಾಗಿ ಅರಿಯಲ್ಲಿ ಮೂರು ನಾಲ್ಕು ದಿನ ಒಣಗಬೇಕು. ಅದಾದ ಮೇಲೆ ಸಿವುಡು ಕಟ್ಟಿ, ಹೊಲದಲ್ಲೇ ಗುಪ್ಪೆ ಹಾಕಿ, ಬಿಡುವಾದಾಗ ಕಣಕ್ಕೆ ಸಾಗಿಸಿ ಮೆದೆ ಒಟ್ಟುವುದು ನಮ್ಮ ಹಿರಿಯರ ಪದ್ಧತಿ. ಮೆದೆಯಲ್ಲಿ ರಾಗಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ ಎಂಬುದು ಈ ಬೆಳೆಯ ದೊಡ್ಡ ಗುಣ. ಆದರೆ ಕಾಡಂಚಿನ ಹೊಲದಲ್ಲಿ ಗುಪ್ಪೆ ಬಿಟ್ಟರೆ ಆನೆಗೆ ತಟ್ಟೆಯಲ್ಲಿ ಬಡಿಸಿದಂತೆ. ಸಿವುಡು ಕಟ್ಟಿದ ದಿನವೇ ಗಾಡಿಯೋ ಟ್ರಾಕ್ಟರೋ ಹೊಂದಿಸಿಕೊಂಡು ಊರೊಳಗಿನ ಕಣಕ್ಕೆ ತನ್ನಿ. ಒಬ್ಬೊಬ್ಬರ ಕಣ ಒಂದೊಂದು ಮೂಲೆಯಲ್ಲಿರುವುದಕ್ಕಿಂತ ಊರಿಗೆಲ್ಲ ಒಂದು ಒಕ್ಕಣೆ ಕಣ, ಅದಕ್ಕೆ ಒಂದು ದೀಪ, ಇಬ್ಬರ ಕಾವಲು ಇದ್ದರೆ ಸಾಕು. ಪಂಚಾಯಿತಿಯವರು ಇಲ್ಲಿಯೇ ಕುಳಿತಿದ್ದಾರೆ, ಕೇಳಿಸಿಕೊಂಡರೆಂದು ಭಾವಿಸುತ್ತೇನೆ.

ಅಕ್ಕಡಿ ಸಾಲಿನ ಬಗ್ಗೆಯೂ ಹೇಳಬೇಕು. ರಾಗಿಯಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಅಕ್ಕಡಿ ಹಾಕಬೇಕೆಂದು ಬೇರೆ ಊರುಗಳಲ್ಲಿ ನಾನೇ ಒತ್ತಿ ಹೇಳುತ್ತೇನೆ. ಮಣ್ಣಿಗೂ ಮನೆಗೂ ಅದು ಒಳ್ಳೆಯದು. ಆದರೆ ರಾಗಿ ಕೊಯ್ದ ಮೇಲೂ ಅವರೆ, ತೊಗರಿಗಾಗಿ ಜನವರಿಯವರೆಗೆ ಕಾವಲು ಮುಂದುವರಿಯುತ್ತದೆ. ಆನೆ ಬಾರದಿದ್ದರೆ ಕಾಡುಹಂದಿ. ಆದ್ದರಿಂದ ಕಾಡಿಗೆ ತಾಗಿದ ಮೊದಲ ಸಾಲಿನ ಹೊಲಗಳಲ್ಲಿ ರಾಗಿಯೊಂದನ್ನೇ ಬಿತ್ತಿ, ಅಕ್ಕಡಿಯನ್ನು ಒಳಗಿನ ಹೊಲಗಳಿಗೆ ಇಟ್ಟುಕೊಳ್ಳಿ. ಬೆಳೆಯನ್ನೇ ಬದಲಾಯಿಸಿ ಮೆಣಸಿನಕಾಯಿ, ಅರಿಶಿನ, ಶುಂಠಿ ಹಾಕಿದರೆ ಹೇಗೆ ಎಂದು ಕೆಲವರು ಕೇಳಿದ್ದಾರೆ. ಇವನ್ನು ಆನೆ ತಿನ್ನುವುದಿಲ್ಲ. ಆದರೆ ಮೆಣಸಿನ ಮಡಿಯನ್ನು ತುಳಿದುಕೊಂಡು ಆಚೆಯ ರಾಗಿಗೆ ಹೋಗಲು ಅದಕ್ಕೆ ಅಡ್ಡಿಯೇನೂ ಇಲ್ಲ. ನೀರಾವರಿಯಿಲ್ಲದ ಕಡೆ ಇವು ಬರುವುದೂ ಇಲ್ಲ. ಬಾಳೆ, ಕಬ್ಬುಗಳನ್ನು ಕಾಡಿನ ಬದುವಿಗೆ ಹಾಕುವುದಂತೂ ಆನೆಯನ್ನು ಹೆಸರು ಹಿಡಿದು ಕರೆದಂತೆ. ಮನೆಯ ಪಕ್ಕದ ಹಲಸಿನ ಮರದ ಕಾಯಿಗಳನ್ನು ಹಣ್ಣಾಗಿ ವಾಸನೆ ಬಿಡುವ ಮೊದಲೇ ಇಳಿಸಿ ಮಾರಿಬಿಡಿ. ಈಗ ಹಲಸಿನ ಕಾಲ. ಇಂದೇ ಹೋಗಿ ನೋಡಿಕೊಳ್ಳಿ.

ಇನ್ನು ರಾತ್ರಿ ಕಾವಲು. ಈ ವಿಷಯದಲ್ಲಿ ನನಗೆ ನಿಜವಾದ ಚಿಂತೆಯಿದೆ. ಹಿಂದೆ ಅಟ್ಟಣೆಯ ಮೇಲೆ ಊರಿನ ಹುಡುಗರು ನಾಲ್ಕಾರು ಮಂದಿ ಇರುತ್ತಿದ್ದರು. ಈಗ ಹುಡುಗರು ಜಿಗಣಿ, ಬೊಮ್ಮಸಂದ್ರದ ಪಾಳಿಗೆ ಹೋಗುತ್ತಾರೆ. ಹೊಲದಲ್ಲಿ ಅರವತ್ತು ದಾಟಿದ ಅಪ್ಪ ಒಬ್ಬನೇ, ಕೈಯಲ್ಲಿ ಒಂದು ಟಾರ್ಚ್. ಕಣ್ಣು ಮಂಜು, ಕಿವಿ ಮಂದ. ಬೆಳೆ ಹೋದರೆ ಇನ್ನೊಂದು ವರ್ಷ ಬರುತ್ತದೆ, ಜೀವ ಬರುವುದಿಲ್ಲ ಎಂದು ಹೇಳುವುದು ನನಗೆ ಸುಲಭ. ವರ್ಷದ ಊಟ ಕಣ್ಣೆದುರಿಗೆ ಹೋಗುವಾಗ ಅಂಗಳದಲ್ಲಿ ಕುಳಿತಿರುವುದು ಅವರಿಗೆ ಕಷ್ಟ. ಆದರೂ ಒಬ್ಬರೇ ಹೋಗಲೇಬೇಡಿ. ನಾಲ್ಕು ಮಂದಿಗೆ ಕಡಿಮೆಯಿಲ್ಲದ ತಂಡ ಮಾಡಿಕೊಂಡು ಸರದಿ ಹಾಕಿ. ಕುಡಿದವರನ್ನು ತಂಡಕ್ಕೆ ಸೇರಿಸಬೇಡಿ. ಆನೆಗೂ ಕಾಡಿಗೂ ನಡುವೆ ನಿಲ್ಲಬೇಡಿ, ಅದು ಹಿಂತಿರುಗುವ ದಾರಿಯನ್ನು ಬಿಡಿ. ಎಲ್ಲ ಕಡೆಯಿಂದ ಓಡಿಸಿದರೆ ಅದು ಯಾರ ಮೇಲಾದರೂ ಬರಲೇಬೇಕು. ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಹೊಲದ ಕಡೆ, ಹಳ್ಳದ ಕಡೆ ಹೋಗುವುದನ್ನು ತಾಯಂದಿರು ಮುಖ್ಯವಾಗಿ ತಪ್ಪಿಸಬೇಕು. ಆನೆ ಮೇಯ್ದು ಹಿಂತಿರುಗುವ ಹೊತ್ತು ಅದು.

ಕಂದಕ, ರೈಲು ಹಳಿಯ ತಡೆಗೋಡೆ ಇವು ಅರಣ್ಯ ಇಲಾಖೆಯ ಕೆಲಸ. ಕಂದಕ ಒಳ್ಳೆಯದೇ, ಆದರೆ ಹಳ್ಳ ಅಡ್ಡ ಬಂದ ಕಡೆ, ಬಂಡೆ ಸಿಕ್ಕಿದ ಕಡೆ ಅದು ನಿಲ್ಲುತ್ತದೆ. ಮಣ್ಣು ಕುಸಿದ ಕಡೆ ಆನೆಯೇ ಇಳಿಜಾರು ಮಾಡಿಕೊಳ್ಳುತ್ತದೆ. ದನ ಮೇಯಿಸಲು, ಸೌದೆ ತರಲು ನಾವೇ ಅಲ್ಲಲ್ಲಿ ಕಂದಕ ಮುಚ್ಚಿ ದಾರಿ ಮಾಡಿಕೊಂಡಿರುವುದೂ ಉಂಟು. ರೈತರ ಕೈಯಲ್ಲಿರುವುದು ಸೌರ ಬೇಲಿ. ಇದರ ಕೆಲಸವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಎನರ್ಜೈಸರ್ ಪೆಟ್ಟಿಗೆಯಿಂದ ಸೆಕೆಂಡಿಗೆ ಒಂದು ಸಲದಂತೆ ಕ್ಷಣಮಾತ್ರದ ವಿದ್ಯುತ್ ಮಿಡಿತ ತಂತಿಯಲ್ಲಿ ಹರಿಯುತ್ತದೆ. ವೋಲ್ಟ್ ಸಾವಿರಗಟ್ಟಲೆ ಇದ್ದರೂ ಕಾಲ ಬಹಳ ಅಲ್ಪವಾದ್ದರಿಂದ ಹೊಡೆತ ಬೀಳುತ್ತದೆಯೇ ಹೊರತು ಪ್ರಾಣ ಹೋಗುವುದಿಲ್ಲ. ಬೇಲಿಯ ತುದಿಯಲ್ಲಿ ಕನಿಷ್ಠ 5,000 ವೋಲ್ಟ್ ಇರಬೇಕು. ತಂತಿಗೆ ಹುಲ್ಲು, ಬಳ್ಳಿ ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರಿಹೋಗುತ್ತದೆ; ಅಕ್ಟೋಬರಿನಲ್ಲಿ, ಬೇಲಿ ಬೇಕಾದ ಹೊತ್ತಿನಲ್ಲಿಯೇ, ಹುಲ್ಲು ಆಳುದ್ದ ಬೆಳೆದಿರುತ್ತದೆ. ದಂತಕ್ಕೆ ವಿದ್ಯುತ್ ತಾಗುವುದಿಲ್ಲವೆಂದು ಕಲಿತ ಸಲಗ ದಂತದಿಂದಲೇ ತಂತಿ ಎತ್ತುತ್ತದೆ. ಮರ ಉರುಳಿಸಿ ಬೇಲಿ ಮುರಿಯುವುದೂ ಉಂಟು. ಹೀಗೆ ಒಂದು ಸಲ ಸತ್ತ ಬೇಲಿಯನ್ನು ದಾಟಿದ ಆನೆಗೆ ಮುಂದೆ ಜೀವಂತ ಬೇಲಿಯ ಭಯವೂ ಹೋಗುತ್ತದೆ. ಆದ್ದರಿಂದ ಬೇಲಿ ಹಾಕುವುದಕ್ಕಿಂತ ಅದನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ. ಒಬ್ಬೊಬ್ಬರು ತಮ್ಮ ತಮ್ಮ ತುಂಡಿಗೆ ಹಾಕಿಕೊಂಡರೆ ಖರ್ಚು ಹೆಚ್ಚು, ಆನೆಯ ದಾರಿಯೂ ಕಟ್ಟಿಹೋಗಿ ಅದು ಪಕ್ಕದವರ ಮನೆಯಂಗಳಕ್ಕೆ ತಿರುಗುತ್ತದೆ. ಊರಿನ ಸಾಗುವಳಿ ಭೂಮಿಗೆಲ್ಲ ಸೇರಿ ಒಂದೇ ಬೇಲಿ, ಅದಕ್ಕೊಂದು ಸಮಿತಿ, ಮನೆಗೆ ಇಷ್ಟೆಂದು ವಂತಿಗೆ, ವಾರಕ್ಕೊಮ್ಮೆ ಹುಲ್ಲು ಸವರುವ ಸರದಿ ಇರಲಿ.

ಮನೆಯ 230 ವೋಲ್ಟ್ ಲೈನಿನಿಂದ ಬೇಲಿಗೆ ತಂತಿ ಎಳೆಯುವ ಕೆಟ್ಟ ಅಭ್ಯಾಸ ಅಲ್ಲಲ್ಲಿ ಇದೆ. ಅದರಲ್ಲಿ ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜೈಲು. ಅದಕ್ಕಿಂತ ಮುಖ್ಯವಾಗಿ, ಆ ತಂತಿಗೆ ಕತ್ತಲಲ್ಲಿ ಮೊದಲು ಸಿಕ್ಕಿಕೊಳ್ಳುವವರು ಪಕ್ಕದ ಹೊಲದವರು, ಇಲ್ಲವೇ ಸ್ವಂತ ಮನೆಯವರು.

ಚಿರತೆಯ ವಿಷಯ ಚುಟುಕಾಗಿ ಮುಗಿಸುತ್ತೇನೆ. ನಗರದ ಕೋಳಿ ಅಂಗಡಿಗಳ ತ್ಯಾಜ್ಯವನ್ನು ಮೂಟೆ ಕಟ್ಟಿ ರಾತ್ರಿ ತಂದು ಕಾಡಿನ ರಸ್ತೆಯ ಬದಿಗೆ ಸುರಿಯುತ್ತಾರೆ. ಅದಕ್ಕೆ ಬೀದಿನಾಯಿಗಳು ಸೇರುತ್ತವೆ, ನಾಯಿಗಳಿಗಾಗಿ ಚಿರತೆ ಬರುತ್ತದೆ, ನಾಯಿ ಸಿಕ್ಕದ ದಿನ ತಮ್ಮ ಕುರಿ. ಸುರಿಯುವ ವಾಹನ ಕಂಡರೆ ನಿಲ್ಲಿಸಿ ಪಂಚಾಯಿತಿಗೆ ತಿಳಿಸಿ. ಕುರಿದೊಡ್ಡಿಗೆ ಗೋಡೆ ಸಾಲದು, ಮೇಲೆ ಜಾಲರಿಯ ಮುಚ್ಚಿಗೆ ಬೇಕು.

ಈಗ ಬೀಳುಭೂಮಿಯ ವಿಷಯಕ್ಕೆ ಬರುತ್ತೇನೆ. ಈ ಊರಿಗೆ ಬರುವಾಗ ರಸ್ತೆಯ ಎರಡು ಕಡೆಯೂ ಕಾಂಪೌಂಡ್ ಕಟ್ಟಿ, ಗೇಟಿಗೆ ಬೀಗ ಹಾಕಿ ಬಿಟ್ಟಿರುವ ಹೊಲಗಳನ್ನು ಎಣಿಸಿಕೊಂಡು ಬಂದೆ. ಇಪ್ಪತ್ತರ ಮೇಲೆ ಲೆಕ್ಕ ತಪ್ಪಿತು. ಕೊಂಡವರು ನಗರದಲ್ಲಿದ್ದಾರೆ. ಒಳಗೆ ಲಂಟಾನ, ಸೀಮೆಜಾಲಿ, ಪಾರ್ಥೇನಿಯಂ ಆಳೆತ್ತರ. ಕೆಲವು ಕಡೆ ನೀಲಗಿರಿ ತೋಪು. ಆನೆಗೆ ಹಗಲು ಹೊತ್ತು ಅಡಗಿಕೊಳ್ಳಲು ಇಂಥ ಪೊದೆ, ತೋಪುಗಳು ಸಾಕು. ಬೆಳಗಾದರೆ ಕಾಡಿಗೆ ಹೋಗಬೇಕಾಗಿದ್ದ ಸಲಗ ಊರ ಪಕ್ಕದಲ್ಲೇ ಮಲಗಿ, ಸಂಜೆ ಆರಕ್ಕೇ ಹೊಲಕ್ಕೆ ಇಳಿಯುತ್ತದೆ. ಒಬ್ಬರು ಮಾರಿದರೆ ಪಕ್ಕದವರ ಹಾವಳಿ ಹೆಚ್ಚುತ್ತದೆ, ತಾಳಲಾರದೆ ಅವರೂ ಮಾರುತ್ತಾರೆ. ಕಾಡಂಚು ಹೀಗೆ ಒಂದೊಂದೇ ಹೊಲ ಮುಂದಕ್ಕೆ ಬರುತ್ತದೆ, ನಗರವೂ ಆ ಕಡೆಯಿಂದ ಒಂದೊಂದೇ ನಿವೇಶನ ಮುಂದಕ್ಕೆ ಬರುತ್ತದೆ.

ಮಾರಬೇಡಿ ಎಂದು ಹೇಳಲು ನಾನು ಯಾರು? 2025–26ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಎಕರೆಗೆ ಹತ್ತು ಕ್ವಿಂಟಲ್ ಬಂದರೂ, ಖರ್ಚು ಕಳೆಯದೆ, ಐವತ್ತು ಸಾವಿರವೂ ಇಲ್ಲ. ನಿವೇಶನದ ದರದ ಎದುರು ಈ ಲೆಕ್ಕ ನಿಲ್ಲುವುದಿಲ್ಲ; ಯಾವ ಸುಧಾರಿತ ತಳಿಯೂ ಅದನ್ನು ನಿಲ್ಲಿಸಲಾರದು. ಮಗಳ ಮದುವೆ, ಆಸ್ಪತ್ರೆಯ ಸಾಲ ಎಂದು ಮಾರಿದವರನ್ನು ದೂಷಿಸುವುದು ಸರಿಯಲ್ಲ. ಆದರೆ ಹೆದರಿಕೆಯಿಂದ ಮಾರುವವರಿಗೆ ಒಂದು ಮಾತು ಹೇಳಬೇಕು. ಸೂಕ್ಷ್ಮ ವಲಯವಾದರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತದೆ, ಈಗಲೇ ಮಾರಿಬಿಡಿ ಎಂದು ದಳ್ಳಾಳಿಗಳು ಸುದ್ದಿ ಹಬ್ಬಿಸಿದ್ದಾರೆ. 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದ ಈ ವಲಯ 2020ರ ಮಾರ್ಚ್ ತಿಂಗಳ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಉದ್ಯಾನದ ಗಡಿಯಿಂದ ಇದರ ಅಗಲ ಕೆಲವು ಕಡೆ 100 ಮೀಟರ್, ಕೆಲವು ಕಡೆ ಒಂದು ಕಿಲೋಮೀಟರ್. ಇಲ್ಲಿ ಗಣಿ, ಕ್ವಾರಿ, ಮಾಲಿನ್ಯದ ಕಾರ್ಖಾನೆಗೆ ತಡೆಯಿದೆ. ಸ್ಥಳೀಯರ ಬೇಸಾಯಕ್ಕೆ, ತೋಟಗಾರಿಕೆಗೆ ತಡೆಯಿಲ್ಲ, ಜಮೀನಿನ ಒಡೆತನವೂ ಬದಲಾಗುವುದಿಲ್ಲ. ವಲಯವನ್ನು ಕಿರಿದು ಮಾಡಿದ್ದರಿಂದ ರೈತರಿಗಿಂತ ಬಡಾವಣೆಯವರಿಗೆ, ಕಲ್ಲು ಗಣಿಯವರಿಗೆ ಅನುಕೂಲವಾಯಿತೆಂಬುದು ನನ್ನ ಅಭಿಪ್ರಾಯ.

ನಗರದಂಚಿನ ಕಾಡಿನ ಈ ಸಂಕಟ ನಮಗೊಬ್ಬರಿಗೇ ಅಲ್ಲ. ಆಫ್ರಿಕದ ಕೀನ್ಯಾ ದೇಶದ ರಾಜಧಾನಿ ನೈರೋಬಿಗೆ ಅಂಟಿಕೊಂಡು 1946ರಲ್ಲಿ ಒಂದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 117 ಚದರ ಕಿಲೋಮೀಟರ್. ನಗರದ ಕಡೆ ಬೇಲಿ, ದಕ್ಷಿಣಕ್ಕೆ ತೆರಪು. ಆ ತೆರಪಿನಲ್ಲಿ ಕಿಟೆಂಗೇಲ ಎಂಬ ಬಯಲು, ಅದು ಮಸಾಯಿ ದನಗಾಹಿಗಳ ಸ್ವಂತ ಭೂಮಿ. ಮಳೆಗಾಲದಲ್ಲಿ ಉದ್ಯಾನದ ಪ್ರಾಣಿಗಳು ಆ ಬಯಲಿಗೆ ಮೇಯಲು ಹೋಗುತ್ತಿದ್ದವು. ಅಲ್ಲಿಯೂ ನಿವೇಶನ, ಬೇಲಿ, ಕ್ವಾರಿ ಶುರುವಾದಾಗ 2000ದಲ್ಲಿ ಒಂದು ಉಪಾಯ ಮಾಡಿದರು. ಭೂಮಿಗೆ ಬೇಲಿ ಹಾಕದೆ, ಮಾರದೆ ತೆರೆದಿಟ್ಟವರಿಗೆ ಎಕರೆಗೆ ವರ್ಷಕ್ಕೆ ನಾಲ್ಕು ಡಾಲರ್ ಗುತ್ತಿಗೆ ಹಣ. ಅನೇಕ ಕುಟುಂಬಗಳು ಸೇರಿದವು, ಆ ಹಣ ಮಕ್ಕಳ ಶಾಲೆಯ ಶುಲ್ಕಕ್ಕಾಯಿತು. ಆದರೂ ಭೂಮಿಯ ಬೆಲೆಯ ಮುಂದೆ ನಾಲ್ಕು ಡಾಲರ್ ಎಲ್ಲಿ ನಿಂತೀತು? ಬಯಲು ತುಂಡು ತುಂಡಾಗಿ, ವಲಸೆ ಹೋಗುವ ಹಿಂಡುಗಳು ಬಹಳ ಕುಗ್ಗಿದವು. ಆ ಉಪಾಯದಲ್ಲಿ ತಪ್ಪಿಲ್ಲ, ಕೊಟ್ಟ ಹಣ ಸಾಲಲಿಲ್ಲ ಎಂದು ನನಗೆ ಅನಿಸುತ್ತದೆ. ಬೆಂಗಳೂರಿಗೆ ಒಂದು ಕಾಡು ಬೇಕಾಗಿದ್ದರೆ ಅದರ ಅಂಚಿನಲ್ಲಿ ರಾಗಿ ಬೆಳೆದುಕೊಂಡಿರುವವರಿಗೆ, ಬೆಳೆ ಹಾಳಾದಾಗಿನ ಪರಿಹಾರವಲ್ಲದೆ, ಬೆಳೆಯುತ್ತಿರುವುದಕ್ಕಾಗಿಯೇ ವರ್ಷ ವರ್ಷ ಏನಾದರೂ ಕೊಡಬೇಕು. ಇಂಥ ಯೋಜನೆ ಇಲ್ಲಿ ಇನ್ನೂ ಬಂದಿಲ್ಲ. ತಮ್ಮ ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳುವುದಕ್ಕೆ ಖರ್ಚಿಲ್ಲ.

ಅಲ್ಲಿಯವರೆಗೆ ಇರುವ ಪರಿಹಾರವನ್ನು ಬಿಡಬೇಡಿ. ಬೆಳೆ ಹಾಳಾದ ದಿನವೇ ಅರಣ್ಯ ವಲಯ ಕಚೇರಿಗೆ ತಿಳಿಸಿ. ತುಳಿದ ಹೊಲವನ್ನು ಅಧಿಕಾರಿಗಳು ನೋಡುವ ಮುಂಚೆ ಉಳಬೇಡಿ. ಹೆಜ್ಜೆ ಗುರುತು, ಲದ್ದಿ, ಮುರಿದ ಬೇಲಿ ಎಲ್ಲ ಕಾಣುವಂತೆ ಫೋಟೋ ತೆಗೆಸಿ, ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿ ಸೇರಿಸಿ ಅರ್ಜಿ ಕೊಡಿ. ಅರ್ಜಿ ಈಗ ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಾಗುತ್ತದೆ; ಸಂಖ್ಯೆ ಬರೆದಿಟ್ಟುಕೊಳ್ಳಿ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಹಣ ನಿಂತುಹೋಗುತ್ತದೆ. ಅಂಥವರು ಪೌತಿ ಖಾತೆಗೆ ಈ ತಿಂಗಳೇ ಅರ್ಜಿ ಹಾಕುವುದು ಒಳ್ಳೆಯದು. ಬಿತ್ತನೆಯ ದಿನ ಗೊತ್ತುಮಾಡಲು ಮುಂದಿನ ಸೋಮವಾರ ಊರಿನವರೆಲ್ಲ ಸೇರುವುದಾಗಿ ಅಧ್ಯಕ್ಷರು ಹೇಳಿದ್ದಾರೆ. ಆ ಸಭೆಗೆ ಕೃಷಿ ಸಹಾಯಕರು ತಳಿಗಳ ಬೀಜದ ಲೆಕ್ಕದೊಂದಿಗೆ ಬರುತ್ತಾರೆ.

ಊಟಕ್ಕೆ ಮುಂಚೆ ಎಲ್ಲರೂ ಕೆರೆಯ ಹಿಂದಿನ ಸೌರ ಬೇಲಿಯ ಹತ್ತಿರ ಹೋಗೋಣ. ಬೆಳಿಗ್ಗೆ ಅಳೆದಾಗ ಅದರ ತುದಿಯಲ್ಲಿ ಇರಬೇಕಾದ ವೋಲ್ಟೇಜಿನ ಅರ್ಧವೂ ಇರಲಿಲ್ಲ. ಪೆಟ್ಟಿಗೆ, ಬ್ಯಾಟರಿ ಸರಿಯಾಗಿವೆ, ಹುಲ್ಲೂ ತಾಗಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಸರಳಿನ ಸುತ್ತಲ ಮಣ್ಣು ಒಣಗಿ ಬಿರುಕು ಬಿಟ್ಟಿದೆ, ತೊಂದರೆ ಅಲ್ಲೇ ಇರುವಂತಿದೆ. ಯಾರಾದರೂ ಇಬ್ಬರು ಎರಡು ಕೊಡ ನೀರು ತನ್ನಿ. ಸರಳಿನ ಬುಡಕ್ಕೆ ಸುರಿದು ಮತ್ತೆ ಅಳೆಯೋಣ. ಮುಳ್ಳು ಎಲ್ಲಿಗೆ ಏರುತ್ತದೆ ಎಂಬುದನ್ನು ತಾವೇ ನೋಡಬಹುದು.